ಏರುವ ಅಂಕಿ, ಇಳಿಯುವ ಅಂಕಿ

(ದೆಹಲಿಯ ಒಂದು ಸಭಾಕೊಠಡಿ. ದೇಶದ ಆರೋಗ್ಯ ಅಳೆಯುವ ಸೂಚಕಗಳ ಆಯ್ಕೆ. ಅಧ್ಯಕ್ಷರ ಮುಂದೆ ಹುರಿದ ಗೋಡಂಬಿ, ರಾಯರ ಮುಂದೆ ಕಡತ.)

ಅಧ್ಯಕ್ಷರು: ಶುರು ಮಾಡಿ ರಾಯರೇ.

ರಾಯರು: ಮಕ್ಕಳ ರಕ್ತಹೀನತೆ ಸಾರ್. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 58.6. 2019-21ರಲ್ಲಿ ಶೇ. 67.1.

ಅಧ್ಯಕ್ಷರು: ಭೇಷ್! ಪ್ರಗತಿ ಅಂದ್ರೆ ಇದು.

ರಾಯರು: ಏರಿದ್ದು ಕಾಯಿಲೆ ಸಾರ್.

ಅಧ್ಯಕ್ಷರು: (ಗೋಡಂಬಿ ಕೆಳಗಿಟ್ಟು) ಹಾಗಾದ್ರೆ ಅಳತೆಯಲ್ಲೇ ಐಬಿದೆ.

ರಾಯರು: ಬೆರಳು ಚುಚ್ಚಿ ತೆಗೆದ ಹನಿಗಿಂತ ರಕ್ತನಾಳದಿಂದ ತೆಗೆದ ರಕ್ತ ನಿಖರ, ನಿಜ. ಅದಕ್ಕೇ ಮುಂದಿನ ಸುತ್ತಿನಲ್ಲಿ ರಕ್ತಹೀನತೆ ಪರೀಕ್ಷೆ ಕೈಬಿಟ್ಟು, ರಕ್ತನಾಳದಿಂದಲೇ ರಕ್ತ ತೆಗೆಯುವ ಬೇರೆ ಸಮೀಕ್ಷೆಗೆ ವಹಿಸಿದ್ರು. ಆದ್ರೆ ಹಳೇ ಅಂಕಿಗೂ ಹೊಸದಕ್ಕೂ ನೇರ ಹೋಲಿಕೆ ಕಷ್ಟ.

ಅಧ್ಯಕ್ಷರು: ಹೋಲಿಕೆಗೇ ಸಿಗದ ಸಾಧನೆ! ಬರ್ಕೊಳ್ಳಿ. ಮುಂದೆ?

ರಾಯರು: ಆಸ್ಪತ್ರೆ ಹೆರಿಗೆ, ಅದೇ 2019-21ರ ಸಮೀಕ್ಷೆಯಲ್ಲಿ ಶೇ. 88.6.

ಅಧ್ಯಕ್ಷರು: ದಪ್ಪಕ್ಷರದಲ್ಲಿ ಹಾಕಿ.

ರಾಯರು: ಒಳಗೆ ಹೋದ ಗರ್ಭಿಣಿಗೆ ಹಾಸಿಗೆ, ರಕ್ತ, ಡಾಕ್ಟ್ರು ಸಿಕ್ಕರಾ ಅಂತಲೂ ಒಂದು ಸೂಚಕ...

ಅಧ್ಯಕ್ಷರು: ಬಾಗಿಲ ತನಕ ಎಣಿಸಿ ಸಾಕು. ಒಳಗಿನದು ಅವರ ಖಾಸಗಿ ವಿಷಯ.

ರಾಯರು: ಅದೇ ಸಮೀಕ್ಷೆಯಲ್ಲಿ ಶೌಚಾಲಯ ಬಳಸದ ಮನೆಗಳು ಶೇ. 19.

ಅಧ್ಯಕ್ಷರು: 2019ರಲ್ಲೇ ಹಳ್ಳಿಗಳೆಲ್ಲ ಬಯಲು ಶೌಚ ಮುಕ್ತ ಅಂತ ಘೋಷಣೆ ಆಯ್ತಲ್ರೀ! ಆಮೇಲೂ ತಂಬಿಗೆ ಹಿಡಿದು ಹೋದವರನ್ನ ಯಾಕೆ ಎಣಿಸ್ತೀರಿ?

ರಾಯರು: ಹಾಗಾದ್ರೆ ಉಳಿದದ್ದೇನು ಸಾರ್?

ಅಧ್ಯಕ್ಷರು: ನಮ್ಮ ಸಭೆಗಳ ಸಂಖ್ಯೆ. ಅದು ಇಳಿದದ್ದೇ ಇಲ್ಲ.