ಧ್ಯೇಯ ಇದೆ, ದರ ಇಲ್ಲ

ನಮ್ಮ ಬಡಾವಣೆಯ ಕಾಂಡಿಮೆಂಟ್ಸ್ ಅಂಗಡಿಗೂ ವೆಬ್‌ಸೈಟ್ ಬಂದಿದೆ. ತೆರೆದರೆ ಮೊದಲು ಗಣಪತಿ, ಆಮೇಲೆ ಮಾಲೀಕರು, ಆಮೇಲೆ ಮಾಲೀಕರ ತೀರ್ಥರೂಪರು, ಕೆಳಗೆ ‘ನಮ್ಮ ಧ್ಯೇಯ’. ಕೋಡುಬಳೆ ಕಿಲೋಗೆ ಎಷ್ಟು, ಭಾನುವಾರ ಬಾಗಿಲು ತೆಗೆದಿರುತ್ತದೆಯೇ? ಅದು ದೇವರಿಗೇ ಗೊತ್ತು. ಹೇಗೂ ಮೊದಲ ಪುಟದಲ್ಲೇ ಇದ್ದಾನಲ್ಲ, ಕೇಳಿಕೊಳ್ಳಿ!

ಗೂಗಲಿನಲ್ಲಿ ಹುಡುಕಿಕೊಂಡು ಜನ ಬರಲೆಂದು ಮಾಲೀಕರ ಮಗರಾಯ ಬ್ಲಾಗ್ ಬೇರೆ ಶುರು ಮಾಡಿಸಿದ್ದಾನೆ: ‘ಚಕ್ಕುಲಿಯೂ ಚಾರಿತ್ರ್ಯವೂ’. ಓದುಗರು ಸದ್ಯಕ್ಕೆ ಮನೆಮಂದಿ.

ಗೂಗಲ್ 1998ರಿಂದ ಅಂಗಡಿ ನಡೆಸುತ್ತಿರುವ ಆಸಾಮಿ. ‘ಬೆಸ್ಟ್ ಕೋಡುಬಳೆ’ ಎಂದು ಒಂದೇ ಪುಟದಲ್ಲಿ ನೂರು ಸಲ ತುರುಕಿದರೆ ಸ್ಪ್ಯಾಮ್ ಎಂದು ಹಿಂದಕ್ಕೆ ತಳ್ಳುತ್ತಾನೆ. ಆದರೆ ಮ್ಯಾಪಿನಲ್ಲಿ ವಿಳಾಸ, ವೇಳೆ, ಫೋನ್ ನಂಬರು ಹಾಕಿಕೊಳ್ಳಲು ಕಾಸು ಕೇಳುವುದಿಲ್ಲ. ಸ್ವಾಮಿ, ಧ್ಯೇಯ ಆಮೇಲಾಗಲಿ, ಮೊದಲು ಅದನ್ನು ಹಾಕಿ.