ಬಿಜಾಪುರದ ಮೇಷ್ಟ್ರು

ಜೂನ್ ಹಿಡಿದು ಮಳೆ ಕೂತಿತೆಂದರೆ ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಹೊಸದಾಗಿ ಕಾಣಿಸಿಕೊಳ್ಳುವವರು ಮೂವರು: ಕಪ್ಪೆ, ಉಂಬಳ ಮತ್ತು ಉತ್ತರ ಕರ್ನಾಟಕದ ಮೇಷ್ಟ್ರು. ಮೊದಲಿಬ್ಬರು ಇಲ್ಲಿಯ ಹುಟ್ಟುವಳಿ. ಮೂರನೆಯವರು ರಾತ್ರಿ ಬಸ್ಸು ಹತ್ತಿ, ಹುಬ್ಬಳ್ಳಿಯಲ್ಲೊಮ್ಮೆ ಶಿವಮೊಗ್ಗದಲ್ಲೊಮ್ಮೆ ಬಸ್ಸು ಬದಲಿಸಿ, ಒಂದು ಕೈಯಲ್ಲಿ ಆದೇಶದ ಪ್ರತಿ, ಇನ್ನೊಂದು ಕೈಯಲ್ಲಿ ರೊಟ್ಟಿ ಗಂಟು ಹಿಡಿದು ಇಳಿಯುತ್ತಾರೆ. ಮಲೆನಾಡಿನ ಯಾವ ಹೋಬಳಿಗೆ ಹೋದರೂ ಇಂಥವರು ಒಬ್ಬರಾದರೂ ಸಿಗುತ್ತಾರೆ. ಅವರು ಬಾಗಲಕೋಟೆಯವರೇ ಇರಲಿ, ಬಾದಾಮಿಯವರೇ ಇರಲಿ, ನಮಗೆ ‘ಬಿಜಾಪುರದ ಮೇಷ್ಟ್ರು’. ಬಾಗಲಕೋಟೆ 1997ರಲ್ಲೇ ಬೇರೆ ಜಿಲ್ಲೆಯಾಯಿತು, ಬಿಜಾಪುರ 2014ರಲ್ಲಿ ವಿಜಯಪುರವಾಯಿತು. ಆ ಸುದ್ದಿ ನಮ್ಮ ಘಟ್ಟ ಹತ್ತಿ ಇನ್ನೂ ಬಂದಿಲ್ಲ.

ನಮ್ಮೂರ ಶಾಲೆಗೆ ಬಂದವರು ಮಾತ್ರ ಅಸಲಿ ಬಿಜಾಪುರದವರೇ. ಒಬ್ಬರೇ ಬಂದು ರೂಮು ಮಾಡಿ, ಶನಿವಾರ ಬಂತೆಂದರೆ ಬಸ್ಸು ಹತ್ತುವ ಪೈಕಿ ಅಲ್ಲ. ಗೂಡ್ಸ್ ಟೆಂಪೋದಲ್ಲಿ ಹೆಂಡತಿ, ಎರಡು ಮಕ್ಕಳು, ವಯಸ್ಸಾದ ಅವ್ವ, ಎರಡು ಚೀಲ ಬಿಳಿಜೋಳ, ಒಂದು ಬೀಸುವ ಕಲ್ಲು ಸಮೇತ ಬಂದಿಳಿದರು. ಹೆಂಡತಿಯೂ ಟೀಚರ್; ಅವರಿಗೆ ಹಳ್ಳದ ಆಚೆ ದಡದ ಶಾಲೆ. ನಾನು ಕಂಬಳಿಕೊಪ್ಪೆ ಹಾಕಿಕೊಂಡು ರಸ್ತೆ ಬದಿ ನಿಂತಿದ್ದೆ. ಮೇಷ್ಟ್ರು ಟೆಂಪೋದಿಂದ ತಲೆ ಹೊರಗೆ ಹಾಕಿ ಕೇಳಿದರು:

“ಊರ ಎಲ್ಲೈತ್ರೀ?”

“ಇದೇ ಊರು.”

ಅವರು ಎಡಕ್ಕೆ ನೋಡಿದರು, ಅಡಿಕೆ ತೋಟ. ಬಲಕ್ಕೆ ನೋಡಿದರು, ಕಾಡು. ಮುಂದೆ ನೋಡಿದರು, ಮಂಜು. ಮತ್ತೆ ನನ್ನನ್ನು ನೋಡಿ, ಈ ಮನುಷ್ಯ ಬೆಳಿಗ್ಗೆಯೇ ಹಾಕಿಕೊಂಡಿರಬೇಕು ಎಂಬಂತೆ ನಕ್ಕು, “ಅಲ್ರೀ, ಊರು. ಮಂದಿ ಇರೂ ಊರು” ಅಂದರು.

ತಪ್ಪು ಅವರದಲ್ಲ. ಗೋಡೆಗೆ ಗೋಡೆ ಕೂಡಿಸಿ ಮನೆ ಕಟ್ಟಿ, ಇಲ್ಲಿ ಸೀನಿದರೆ ಪಕ್ಕದ ಮನೆಯವರು ಚಿರಂಜೀವಿ ಅನ್ನುವ ಓಣಿಯಲ್ಲಿ ಬೆಳೆದವರು ಅವರು. ನಮ್ಮದು ಹತ್ತೊಂಬತ್ತು ಮನೆಯ ಊರು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ತೋಟ, ಒಂದು ಗದ್ದೆ, ಒಂದು ಕೋರ್ಟು ಕೇಸು ಇರುತ್ತದೆ. ಅವ್ವ ಬಾಡಿಗೆ ಮನೆಯ ಜಗಲಿಯಲ್ಲಿ ಮೂರು ದಿನ ಕೂತು ದಾರಿ ನೋಡಿದರಂತೆ. ನಾಲ್ಕನೆಯ ದಿನ ಹಾಲು ಕೊಡಲು ಹೋದ ನನ್ನ ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದು, “ಯವ್ವಾ, ನೀ ಮನಶಾಳ ಹೌದಲ್ಲೋ?” ಎಂದು ಖಾತ್ರಿ ಮಾಡಿಕೊಂಡರು.

ಮಳೆಯ ವಿಚಾರದಲ್ಲಿ ಮೇಷ್ಟ್ರಿಗೂ ನಮಗೂ ಲೆಕ್ಕವೇ ಹೊಂದುವುದಿಲ್ಲ. ಅವರ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಬಿದ್ದರೆ ಒಳ್ಳೆಯ ವರ್ಷ. ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ 7000 ದಾಟುತ್ತದೆ. ಅವರು ತಂದಿದ್ದ ಒಂದೇ ಛತ್ರಿ ಬಿಸಿಲಿಗೆಂದು ಕೊಂಡದ್ದು. ಮೊದಲ ವಾರವೇ ಮಳೆ ಅದನ್ನು ಮೂರು ಕಡೆ ಮಡಚಿತು. ಜುಲೈಯಲ್ಲಿ ಜಿಲ್ಲಾಧಿಕಾರಿ ಶಾಲೆಗೆ ರಜೆ ಘೋಷಿಸಿದಾಗ ಅವರು ನಂಬಲೇ ಇಲ್ಲ.

“ಮಳಿ ಬಂತಂತ ಸಾಲಿ ಸೂಟಿ ಕೊಡ್ತಾರೇನ್ರಿ? ನಮ್ಮ ಕಡೆ ಮಳಿ ಬಂದ್ರ ಮಾಸ್ತರ ಸೈತ ಹೊರಗ ಬಂದು ಕುಣೀತಾನ!”

ಅವರ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ಹೆದರಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಒಂದೇ ಸರ್ಕಾರ, ಒಂದು ಕಡೆ ಬಿಸಿಲಿಗೆ ಬಗ್ಗುತ್ತದೆ, ಇನ್ನೊಂದು ಕಡೆ ಮಳೆಗೆ. ಅರ್ಜಿಗೆ ಮಾತ್ರ ಎಲ್ಲೂ ಬಗ್ಗುವುದಿಲ್ಲ ಎಂಬುದು ಮೇಷ್ಟ್ರ ಅನುಭವದ ಮಾತು.

ಉಂಬಳದ ಪಾಠ ಶಾಲೆಯಲ್ಲೇ ಆಯಿತು. ಮೇಷ್ಟ್ರು ಬೋರ್ಡಿನ ಮೇಲೆ ಗುಣಾಕಾರ ಬರೆಯುತ್ತಿದ್ದರಂತೆ. ಬಿಳಿ ಕಾಲುಚೀಲ ಮೆಲ್ಲಗೆ ಕೆಂಪಾಗುತ್ತಿತ್ತು. ಮಕ್ಕಳು ಲೆಕ್ಕ ಬಿಟ್ಟು ಕಾಲನ್ನೇ ನೋಡುತ್ತಿದ್ದರು; ಅವರಿಗೆ ಇದೇನು ಹೊಸದಲ್ಲ, ಮೇಷ್ಟ್ರಿಗೆ ಯಾವಾಗ ಗೊತ್ತಾದೀತು ಎಂಬ ಕುತೂಹಲ ಅಷ್ಟೆ. ಗೊತ್ತಾದ ಕೂಡಲೇ ಮೇಷ್ಟ್ರು ಕುರ್ಚಿ ಹತ್ತಿದರು. ಮೂರನೇ ಕ್ಲಾಸಿನ ಹುಡುಗಿಯೊಂದು ಬಿಸಿಯೂಟದ ಅಡುಗೆಮನೆಗೆ ಓಡಿ ಒಂದು ಚಿಟಿಕೆ ಉಪ್ಪು ತಂದಿತು. ಕುರ್ಚಿಯ ಪಕ್ಕ ಕೂತು, ಕಾಲುಚೀಲ ಇಳಿಸಿ, ದಪ್ಪಗಾಗಿದ್ದ ಉಂಬಳದ ಮೇಲೆ ಉಪ್ಪು ಉದುರಿಸಿ, ಅದು ಮುದುಡಿ ಕೆಳಗೆ ಬೀಳುವತನಕ ಕಾದು, ಗಂಭೀರವಾಗಿ ಹೇಳಿತು: “ಎಳೀಬಾರ್ದು ಸಾರ್. ಎಳೆದ್ರೆ ತುರಿಕೆ ಜಾಸ್ತಿ.” ಮೇಷ್ಟ್ರು ಕುರ್ಚಿ ಮೇಲಿಂದಲೇ, “ಹೌದ್ರಿ” ಅಂದರು. ಆ ಶಾಲೆಯ ಇತಿಹಾಸದಲ್ಲಿ ಮೇಷ್ಟ್ರೊಬ್ಬರು ಮೂರನೇ ಕ್ಲಾಸಿನ ಹುಡುಗಿಗೆ ಬಹುವಚನ ಕೊಟ್ಟದ್ದು ಅದೇ ಮೊದಲು. ಸಂಜೆ ನನ್ನ ಹತ್ತಿರ ಅಳಲು ತೋಡಿಕೊಂಡರು: “ಕುವೆಂಪು ಅವರ ಪುಸ್ತಕಾ ಓದಿ ಮಲೆನಾಡ ಅಂದ್ರ ಸ್ವರ್ಗ ಅನ್ಕೊಂಡ ಬಂದೀನ್ರಿ. ಪುಸ್ತಕದಾಗಿನ ಉಂಬಳ ಕಚ್ಚಂಗಿಲ್ಲ, ಅದ ತಪ್ಪಾತು.”

ಭಾಷೆಯ ಕಷ್ಟ ಎರಡೂ ಕಡೆಗಿತ್ತು. ಬಂದ ಮರುದಿನ ಬೆಳಿಗ್ಗೆ ನಾನು ಉಪಚಾರಕ್ಕೆ, “ತಿಂಡಿ ಆಯ್ತಾ ಮೇಷ್ಟ್ರೆ?” ಅಂದೆ. ಅವರು ಕೈಕಾಲು ಒಮ್ಮೆ ನೋಡಿಕೊಂಡು, “ಇನ್ನೂ ಇಲ್ರಿ, ಈ ನೀರಿಗೆ ಮುಂದ ಆಗಬಹುದು” ಅಂದರು. ಅವರಲ್ಲಿ ಬೆಳಿಗ್ಗೆ ತಿನ್ನುವುದು ನಾಷ್ಟಾ. ತಿಂಡಿ ಎಂದರೆ ಕೆರೆತ. ಶಾಲೆಯಲ್ಲಿ ಅವರು ಒಬ್ಬ ಹುಡುಗನಿಗೆ “ಹೊಳ್ಳಿ ನೋಡು” ಅಂದರೆ ಅವನು ಮೂಗು ಮುಟ್ಟಿ ನೋಡಿಕೊಂಡ. “ಹೊಳ್ಳಿ, ಹೊಳ್ಳಿ!” ಎಂದು ಗದರಿದ್ದಕ್ಕೆ ಎರಡೂ ಹೊಳ್ಳೆ ಮುಟ್ಟಿ ನೋಡಿಕೊಂಡ. ಮೇಷ್ಟ್ರೇ ಕೊನೆಗೆ ಅವನ ಭುಜ ಹಿಡಿದು ತಿರುಗಿಸಿ ಅರ್ಥ ಹೇಳಿದರು.

ನಲಿ-ಕಲಿ ಬೇರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಗುಂಪು ಮಾಡಿ, ಒಂದೊಂದು ಗುಂಪಿಗೂ ಒಂದೊಂದು ತಟ್ಟೆ ಎಂದು ಹೆಸರಿಟ್ಟು ಕಲಿಸಬೇಕು. ಮೇಷ್ಟ್ರು ನಿಯಮದ ಪ್ರಕಾರ ಐದು ತಟ್ಟೆಯ ಜಾಗ ಗುರುತು ಮಾಡಿದರು. ಮಕ್ಕಳು ನಾಲ್ಕು. “ಒಂದ ತಟ್ಟಿಗೆ ನಾನ ಕುಂದರ್ತೀನಿ, ಬಿಡ್ರಿ” ಅಂದರು.

ಮನೆಯೊಳಗಿನ ಯುದ್ಧ ಜೋಳದ್ದು. ಅವ್ವನಿಗೆ ಜೋಳದ ರೊಟ್ಟಿ ಇಲ್ಲದ ಊಟ ಊಟವಲ್ಲ. ಅನ್ನ ಏನಿದ್ದರೂ ಜ್ವರ ಬಂದವರಿಗೆ. ನಸುಕಿನಲ್ಲೇ ಅವರು ರೊಟ್ಟಿ ಬಡಿಯಲು ಕೂತರೆ ಪಟಪಟ ಸದ್ದು ಗದ್ದೆ ದಾಟಿ ನಮ್ಮ ಮನೆಗೆ ಕೇಳುತ್ತಿತ್ತು. ಈ ಮಳೆಯಲ್ಲಿ ಇಷ್ಟು ಹೊತ್ತಿಗೇ ಬಟ್ಟೆ ಒಗೆಯುತ್ತಾರಲ್ಲ, ಎಂಥ ಮಡಿವಂತರು ಎಂದು ನನ್ನ ಹೆಂಡತಿ ಒಂದು ವಾರ ಮೆಚ್ಚಿಕೊಂಡಳು. ಆದರೆ ಆಷಾಢದ ಥಂಡಿಗೆ ಜೋಳದ ಚೀಲ ಮುಗ್ಗಲು ಹಿಡಿಯಿತು. ಅವ್ವ ಚೀಲದ ಮುಂದೆ ಕೂತು, ಮನುಷ್ಯರು ತೀರಿಕೊಂಡರೆ ಅಳುವಂತೆ ಅತ್ತರು. ಅಡಿಕೆ ಒಣಗಿಸುವ ನಮ್ಮ ಅಟ್ಟ ಆಗ ಉಪಯೋಗಕ್ಕೆ ಬಂತು. ಉಳಿದ ಚೀಲವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆವು. ಈಗ ಅವರ ರೊಟ್ಟಿಗೆ ನಮ್ಮ ಹೊಗೆಯ ವಾಸನೆ. “ಛಲೋ ಹತ್ತತೈತಿ” ಎಂದು ಅವ್ವನೇ ಸರ್ಟಿಫಿಕೇಟು ಕೊಟ್ಟಿದ್ದಾರೆ. ಪ್ರತಿಯಾಗಿ ನಮ್ಮ ಮನೆಯ ಪತ್ರೊಡೆ ಅಲ್ಲಿಗೆ, ಅವರ ಶೇಂಗಾ ಹಿಂಡಿ ಇಲ್ಲಿಗೆ.

ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆ ಬಂತು. ರಾತ್ರಿಯಿಡೀ ಬೇಯಿಸಿದ ಸೊಪ್ಪು ಕಡುಬು ಬುಟ್ಟಿಯಲ್ಲಿ ಹೊತ್ತು, ನಸುಕಿಗೆ ಗದ್ದೆಗೆ ಹೋಗಿ ಚರಗ ಬೀರುತ್ತಿದ್ದೆವು. ಅವ್ವ ಜಗಲಿಯಿಂದ ನೋಡಿದವರು ಕೆಸರು ಲೆಕ್ಕಿಸದೆ ಗದ್ದೆ ಬದುವಿಗೆ ಬಂದರು. “ಅಯ್ಯ, ನೀವೂ ಚರಗ ಚೆಲ್ತೀರೇನಪ್ಪಾ! ನಾವು ಎಳ್ಳ ಅಮಾಸಿಗೆ ಜ್ವಾಳದ ಹೊಲದಾಗ ಚೆಲ್ತೀವಿ.” ನನ್ನ ಕೈಯಿಂದ ಒಂದು ಹಿಡಿ ಕಿತ್ತುಕೊಂಡು ಬೀರಿಯೂಬಿಟ್ಟರು. ಆ ವರ್ಷದಿಂದ ನಮ್ಮ ಗದ್ದೆಗೆ ಎರಡು ಸಲ ಚರಗ.

ಇಷ್ಟೆಲ್ಲ ಆದರೂ ಮೇಷ್ಟ್ರ ಬಾಯಲ್ಲಿ ಒಂದು ಮಾತು ಬದಲಾಗಲಿಲ್ಲ: “ಮುಂದಿನ ವರ್ಷ ಹೋಗ್ತೀವ್ರಿ.” ವರ್ಗಾವಣೆ ಕೌನ್ಸೆಲಿಂಗ್ ಎಂದರೆ ಅವರಿಗೆ ಜಾತ್ರೆ. ಪತಿ-ಪತ್ನಿ ಪ್ರಕರಣದಲ್ಲಿ ಹೋಗೋಣವೆಂದರೆ ಪತಿಯೂ ಇಲ್ಲೇ, ಪತ್ನಿಯೂ ಇಲ್ಲೇ; ಸಂಸಾರ ಕಟ್ಟಿಕೊಂಡು ಬಂದದ್ದೇ ಅಡ್ಡಿಯಾಯಿತು. ಉಳಿದದ್ದು ಪರಸ್ಪರ ವರ್ಗಾವಣೆ. ಅಂದರೆ ಅಲ್ಲಿ ಕೆಲಸ ಮಾಡುತ್ತಿರುವ, ಇಲ್ಲಿಗೆ ಬರಲು ಬಯಸುವ ಇನ್ನೊಬ್ಬ ಮೇಷ್ಟ್ರು ಸಿಗಬೇಕು. ಮದುವೆಗೆ ವರ ಹುಡುಕಿದಂತೆ ಹುಡುಕಿದರು. ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲೆಲ್ಲ, ಬಿಜಾಪುರ ಜಿಲ್ಲೆಯಲ್ಲಿರುವ ಶಿವಮೊಗ್ಗದವರು ಯಾರಾದರೂ ಇದ್ದೀರಾ ಎಂದು ಹಾಕಿದರು. ಉತ್ತರಗಳು ಬಂದವು. ಎಲ್ಲವೂ ಶಿವಮೊಗ್ಗ ಜಿಲ್ಲೆಯಲ್ಲಿರುವ ಬಿಜಾಪುರದವರಿಂದ: “ಸಿಕ್ಕರೆ ನನಗೂ ಒಬ್ಬರನ್ನು ಹೇಳಿ ಸಾರ್.”

ಒಂದು ಸಂಜೆ ಜಗಲಿಯಲ್ಲಿ ಕೂತು, ಯಾವ ಕುಹಕವೂ ಇಲ್ಲದೆ ಕೇಳಿದರು: “ನಿಮ್ಮ ಕಡೆ ಹುಡುಗ್ರು ಮಾಸ್ತರ ಆಗಂಗೇ ಇಲ್ಲೇನ್ರಿ?”

ಉತ್ತರ ಕೊಡಲು ಮನಸ್ಸಿನಲ್ಲೇ ಮನೆ ಮನೆ ಎಣಿಸಿದೆ. ನನ್ನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ತಮ್ಮನ ಮಗಳು ಪುಣೆ. ಮೇಲಿನ ಮನೆಯವನ ಇಬ್ಬರೂ ಬೆಂಗಳೂರು. ಕೆಳಗಿನ ಮನೆಗೆ ಬೀಗ, ತೋಟ ಗುತ್ತಿಗೆ. ಹಬ್ಬಕ್ಕೆ ಕಾರಿನಲ್ಲಿ ಬಂದು, ಹಲಸಿನ ಹಪ್ಪಳ ಕಟ್ಟಿಸಿಕೊಂಡು, ‘ನಮ್ಮ ಮಲೆನಾಡು’ ಎಂದು ಫೋಟೋ ಹಾಕಿ, ಭಾನುವಾರ ಸಂಜೆಯೊಳಗೆ ಹೊರಡುವ ಪೈಕಿ ಎಲ್ಲರೂ. “ಇನ್ನೊಂದು ಲೋಟ ಕಾಫಿ ತಗಳಿ ಮೇಷ್ಟ್ರೆ” ಅಂದೆ.

ಈಗ ಅವರು ಬಂದು ಆರು ವರ್ಷ. ಮೇಷ್ಟ್ರು ಕಾಲುಚೀಲ ಬಿಟ್ಟು ಪ್ಯಾಂಟು ಮಡಚುವುದು ಕಲಿತಿದ್ದಾರೆ, ಕಿಸೆಯಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡಿರುತ್ತಾರೆ. ಟೀಚರ್ ಮಳೆಗಾಲದಲ್ಲಿ ಹಳ್ಳದ ಸಂಕವನ್ನು ನಮ್ಮವರಿಗಿಂತ ಚುರುಕಾಗಿ ದಾಟುತ್ತಾರೆ. ಅವರ ಮಗ ಹೊಸ್ತಿಲೊಳಗೆ “ಯವ್ವಾ, ಹಸಿವ್ಯಾಗೈತಿ” ಅನ್ನುತ್ತಾನೆ, ಹೊಸ್ತಿಲು ದಾಟಿದ ಕೂಡಲೇ “ಎಂಥ ಮಳೆ ಮಾರಾಯ” ಅನ್ನುತ್ತಾನೆ. ರಜೆಯಲ್ಲಿ ಬಿಜಾಪುರಕ್ಕೆ ಹೋದಾಗ ಅಲ್ಲಿಯ ಹುಡುಗರು ಅವನನ್ನು ‘ಮಲೆನಾಡಿನವ’ ಎಂದು ಕರೆದರಂತೆ. ಇಲ್ಲಿ ಅವನು ಬಿಜಾಪುರದ ಮೇಷ್ಟ್ರ ಮಗ.

ಈ ಸಲದ ವರ್ಗಾವಣೆ ಅರ್ಜಿಯನ್ನೂ ಮೇಷ್ಟ್ರು ಬಿಟ್ಟಿಲ್ಲ. ಆನ್‌ಲೈನಿನಲ್ಲಿ ತುಂಬಬೇಕು, ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ತಲೆಯ ಮೇಲೆ ಒಂದು ಬಂಡೆಯ ಹತ್ತಿರ ಮಾತ್ರ. ಛತ್ರಿ ಹಿಡಿದು ಕರೆದುಕೊಂಡು ಹೋದವನು ನಾನೇ. ಅರ್ಧ ತಾಸು ಆ ಫೋನಿನಲ್ಲಿ ಚಕ್ರ ತಿರುಗಿತು. ನಾನು ಮನಸ್ಸಿನಲ್ಲಿ ಏನು ಬೇಡಿಕೊಂಡೆ ಎಂಬುದನ್ನು ಅವರಿಗೆ ಹೇಳಿಲ್ಲ, ಅರ್ಜಿ ಹೋಯಿತು.

ಇಳಿದು ಬರುವಾಗ ಶಾಲೆಯ ಬಾಗಿಲು ತೆರೆದಿತ್ತು. ಬೋರ್ಡಿನ ಮೂಲೆಯಲ್ಲಿ ಮೇಷ್ಟ್ರ ದುಂಡು ಅಕ್ಷರ: ಒಟ್ಟು ಮಕ್ಕಳು 11, ಹಾಜರಿ 11. ಅದರಲ್ಲಿ ಮೂವರು ತೋಟದ ಕೂಲಿಗೆಂದು ಹೊರಗಿನಿಂದ ಬಂದವರ ಮಕ್ಕಳು, ಇಬ್ಬರು ಮೇಷ್ಟ್ರ ಮಕ್ಕಳು. ಹತ್ತೊಂಬತ್ತು ಮನೆಯ ನಮ್ಮೂರಿನವು ಆರು.