ನಿಂತ ಬಣ್ಣ

(ಮಲ್ಲೇಶ್ವರದ ಒಂದು ಕಾಸ್ಮೆಟಿಕ್ಸ್ ಅಂಗಡಿ. ಎಸಿ ತಂಪು, ರೇಟು ಬಿಸಿ.)

ಪದ್ಮಕ್ಕ: ಬೆಳ್ಳಗಾಗೋ ಕ್ರೀಮ್ ಇತ್ತಲ್ಲಮ್ಮಾ, ಕೊಡು.

ಸೇಲ್ಸ್ ಹುಡುಗಿ: 2020ರಲ್ಲೇ ಹೆಸರು ಬದಲಾಯ್ತು ಆಂಟಿ. ಈಗ ಬೆಳ್ಳಗಾಗಲ್ಲ, ಹೊಳೀತೀರ.

ಪದ್ಮಕ್ಕ: ಪಾರ್ಟಿ ಬದಲಾಯಿಸಿದ ಎಮ್ಮೆಲ್ಲೆ ಥರ ಅನ್ನು!

ಹುಡುಗಿ: ‘ನೋ ಮೇಕಪ್ ಲುಕ್’ ನೋಡ್ತೀರಾ? ಏನೂ ಹಚ್ಚಿಲ್ಲ ಅನ್ನೋ ಹಾಗೆ ಕಾಣತ್ತೆ. ಏಳೇ ಐಟಂ, ನಾಲ್ಕು ಸಾವಿರ.

ಪದ್ಮಕ್ಕ: ಅಯ್ಯೋ, ನಾನು ಹುಟ್ಟಿದಾಗಿಂದ ಪುಕ್ಕಟೆ ಹಾಗೇ ಕಾಣ್ತಿದೀನಲ್ಲೇ!

ಹುಡುಗಿ: ಹೋಗ್ಲಿ, ಈ ಲಿಪ್‌ಸ್ಟಿಕ್? ಹನ್ನೆರಡು ಗಂಟೆ ನಿಲ್ಲತ್ತೆ.

ಪದ್ಮಕ್ಕ: ನೀನು?

ಹುಡುಗಿ: (ನಗು ಬಿಡದೆ) ನಾನೂ ಅಷ್ಟೇ ಆಂಟಿ. ನಗು ಕಂಪನೀದು, ಕಾಲು ನಂದು.

ಪದ್ಮಕ್ಕ: ಕೇರಳದಲ್ಲಿ 2018ರಲ್ಲೇ ಅಂಗಡಿ ಕೆಲಸದವರಿಗೆ ಕೂರೋ ಹಕ್ಕು ಕೊಟ್ರಂತಲ್ಲೇ. ಇಲ್ಲಿ ಒಂದು ಸ್ಟೂಲೂ ಇಲ್ವಾ?

ಹುಡುಗಿ: ಇದೆಯಲ್ಲ. ಅದು ಗಿರಾಕಿಗಳ ಗಂಡಂದಿರಿಗೆ. ಬಿಲ್ ನೋಡಿ ಬಿದ್ದುಗಿದ್ದಾರು ಅಂತ.